ಅಕ್ಷರಕ್ರಮವೂ ದತ್ತಾಂಶವೇ: ಪಿಜಿ_ಅಪ್‌ಗ್ರೇಡ್ ಕುರಿತು

ದತ್ತಸಂಚಯದ ತಂತ್ರಾಂಶವನ್ನು ನವೀಕರಿಸುವುದೆಂದರೆ, ಇದ್ದುದನ್ನೆಲ್ಲ ಹೊರತೆಗೆದು ಹೊಸ ಆವೃತ್ತಿಯಲ್ಲಿ ಮತ್ತೆ ತುಂಬುವುದು ಎಂಬುದೇ ಬಹುಕಾಲದ ರೂಢಿ. 2010ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ 9.0ರೊಂದಿಗೆ ಬಂದ ಪಿಜಿ_ಅಪ್‌ಗ್ರೇಡ್ ಈ ಶ್ರಮವನ್ನು ತಪ್ಪಿಸಿತು. ಅದರ ತರ್ಕ ಸರಳವಾದುದು: ಪ್ರಧಾನ ಆವೃತ್ತಿಗಳ ನಡುವೆ ಬದಲಾಗುವುದು ಹೆಚ್ಚಾಗಿ ಕೋಷ್ಟಕಗಳ ವಿವರಗಳನ್ನಿಡುವ ಆಂತರಿಕ ಪಟ್ಟಿ; ಬಳಕೆದಾರರ ದತ್ತಾಂಶವನ್ನು ಕಡತದಲ್ಲಿ ಬರೆದಿಡುವ ವಿಧಾನ ಬದಲಾಗುವುದು ಅಪರೂಪ. ಆದುದರಿಂದ ಪಟ್ಟಿಯನ್ನು ಹೊಸದಾಗಿ ಕಟ್ಟಿ, ಹಳೆಯ ಕಡತಗಳನ್ನು ಹಾಗೆಯೇ ಬಳಸಬಹುದು. 'ಲಿಂಕ್' ವಿಧಾನದಲ್ಲಿ ಕಡತಗಳ ನಕಲೂ ಬೇಕಿಲ್ಲ. ಆದರೆ ಹೊಸ ಸರ್ವರ್ ಒಮ್ಮೆ ಚಾಲನೆಗೊಂಡರೆ ಹಳೆಯದಕ್ಕೆ ಸುರಕ್ಷಿತವಾಗಿ ಮರಳಲಾಗದು. ಕೈಪಿಡಿ ಈ ಬೆಲೆಯನ್ನು ಮುಚ್ಚಿಡುವುದಿಲ್ಲ.

ಪ್ರಶ್ನಿಸಬೇಕಾದುದು ಬೇರೊಂದು ಗೃಹೀತವನ್ನು: ಬೈಟುಗಳು ಉಳಿದರೆ ದತ್ತಾಂಶವೂ ಉಳಿಯಿತು ಎಂಬುದನ್ನು. ಪಠ್ಯದ ಸೂಚಿ ನಿಂತಿರುವುದು ಅಕ್ಷರಕ್ರಮದ ಮೇಲೆ. ಲಿನಕ್ಸ್‌ನಲ್ಲಿ ಆ ಕ್ರಮವನ್ನು ಸಾಮಾನ್ಯವಾಗಿ ಒದಗಿಸುವುದು ಜಿಲಿಬ್‌ಸಿ. 2018ರಲ್ಲಿ ಅದರ 2.28ನೆಯ ಆವೃತ್ತಿ ಈ ಕ್ರಮವನ್ನು ವ್ಯಾಪಕವಾಗಿ ಬದಲಿಸಿತು. ತಂತ್ರಾಂಶದೊಂದಿಗೆ ಕಾರ್ಯಾಚರಣಾ ವ್ಯವಸ್ಥೆಯೂ ಬದಲಾದಾಗ, ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಓದಿದಂತಾಗುತ್ತದೆ. ಆಗ ಕೋಷ್ಟಕದಲ್ಲಿರುವ ಪದ ಹುಡುಕಿದರೆ ಸಿಗದಿರಬಹುದು. ಒಂದೇ ಇರಬೇಕಾದ ನಮೂದು ಎರಡಾಗಬಹುದು. ಹೊರತೆಗೆದು ತುಂಬುವ ಹಳೆಯ ವಿಧಾನ ಪ್ರತಿ ಸೂಚಿಯನ್ನೂ ಹೊಸದಾಗಿ ಕಟ್ಟುತ್ತಿತ್ತು. ವ್ಯರ್ಥವೆನಿಸಿದ ಆ ಶ್ರಮದೊಳಗೆ ಒಂದು ಮರುಓದು ಅಡಗಿತ್ತು.

ಕನ್ನಡಕ್ಕೆ ಇದು ದೂರದ ಮಾತಲ್ಲ. ಯೂನಿಕೋಡ್ ಸಂಕೇತಗಳಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ, ವಕಾರಕ್ಕೆ ಮೊದಲು ನಿಂತಿದೆ. ವರ್ಣಮಾಲೆಯಲ್ಲಿ ಅದು ಹಕಾರದ ಅನಂತರದ್ದು. ಯಾವ ಕ್ರಮವನ್ನು ಆಯ್ದರೂ ಅದೊಂದು ಭಾಷಿಕ ನಿರ್ಧಾರವೇ. ಶಿಷ್ಟ ಕನ್ನಡದ ಪದವೊಂದು ಹುಡುಕಾಟದಲ್ಲಿ ತಪ್ಪಿದರೆ ಓದುಗ ಅನುಮಾನಿಸಿಯಾನು. ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಆಡುಮಾತಿನ ಪದ ತಪ್ಪಿದರೆ, ಅದು ಇರಲೇ ಇಲ್ಲವೆಂದು ತೀರ್ಮಾನಿಸುವ ಸಂಭವವೇ ಹೆಚ್ಚು. ಗಡಿನಾಡಿನ ನುಡಿಗೆ ಅಂತಹ ತೀರ್ಮಾನ ಹೊಸದಲ್ಲ.

ಪೋಸ್ಟ್‌ಗ್ರೆಸ್‌ಕ್ಯೂಎಲ್ 15ರಿಂದ ದತ್ತಸಂಚಯದ ಅಕ್ಷರಕ್ರಮದ ಆವೃತ್ತಿಯನ್ನು ದಾಖಲಿಸಿ, ವ್ಯತ್ಯಾಸ ಕಂಡಾಗ ಎಚ್ಚರಿಸುತ್ತದೆ. ಪಠ್ಯಸೂಚಿಗಳನ್ನು ಮರುನಿರ್ಮಿಸಿದರೆ ಹುಡುಕಾಟ ಸರಿಹೋಗುತ್ತದೆ, ಇಮ್ಮಡಿಯಾದ ನಮೂದುಗಳನ್ನು ಮಾತ್ರ ಕೈಯಾರೆ ತಿದ್ದಬೇಕು. ಹೀಗಾಗಿ ಪಿಜಿ_ಅಪ್‌ಗ್ರೇಡನ್ನು ತಿರಸ್ಕರಿಸಲು ಕಾರಣವಿಲ್ಲ. ಅದು ಉಳಿಸಿಕೊಡುವ ಸಮಯದಲ್ಲಿ ಒಂದು ಪಾಲನ್ನು ಈ ಮರುನಿರ್ಮಾಣಕ್ಕೆ ಮೀಸಲಿಡುವುದು ಪದಸಂಗ್ರಹಗಳನ್ನು ಕಾಯುವ ಸಂಸ್ಥೆಗಳ ಹೊಣೆ.