ಹಿತ್ತಲಿಗೊಂದು ನೀರಿನ ನೇಮ

ಒಬ್ಬ ಗೃಹಸ್ಥನ ಉದ್ಯಾನಾಭಿರುಚಿಯನ್ನು ಅರಿಯಬೇಕಾದರೆ, ಆತನು ಎಲ್ಲಿಂದ ಯಾವ ಅಪೂರ್ವ ಸಸ್ಯವನ್ನು ತರಿಸಿ ನೆಟ್ಟಿದ್ದಾನೆಂಬುದನ್ನು ನೋಡುವುದಕ್ಕೆ ಮೊದಲು, ಆ ಗಿಡವು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಯಾರ ಪಾಲಿನ ನೀರನ್ನು ಕುಡಿದು ಬದುಕುತ್ತಿದೆಯೆಂಬುದನ್ನು ನೋಡಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹೊಸದಾಗಿ ಏಳುವ ಮನೆಗಳ ಮುಂದೆ ಒಂದು ತುಂಡು ಹುಲ್ಲುಹಾಸನ್ನು ಬೆಳೆಸಿ, ಉಳಿದ ನೆಲಕ್ಕೆಲ್ಲ ಸಿಮೆಂಟು ಹಾಕಿ, ಹಿತ್ತಲೆಂಬುದನ್ನೇ ಇಲ್ಲವಾಗಿಸುವ ರೂಢಿ ಬೆಳೆಯುತ್ತಿರುವಾಗ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ತನ್ನ ಊರಿನ ಜಲಭಾಗ್ಯಕ್ಕೆ ತಕ್ಕಂತೆ ಬಾಳುವುದೇ ತೋಟದ ಸೌಂದರ್ಯದ ಮೂಲಲಕ್ಷಣವೆಂಬುದು ನನ್ನ ದೃಢವಾದ ನಂಬಿಕೆ.

ಈ ನಾಲ್ಕು ತಾಲ್ಲೂಕುಗಳು ದಾವಣಗೆರೆಯೆಂಬ ಒಂದೇ ಜಿಲ್ಲೆಗೆ ಸೇರಿದ್ದರೂ ಅವುಗಳ ನೀರು ಒಂದೇ ಬಗೆಯದಲ್ಲ. ಚನ್ನಗಿರಿಗೆ ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಸೂಳೆಕೆರೆಯಿದೆ. ಶಾಂತವ್ವೆಯೆಂಬಾಕೆ ಕಟ್ಟಿಸಿದಳೆಂಬ ಐತಿಹ್ಯವುಳ್ಳ, ಶಾಂತಿಸಾಗರವೆಂದೂ ಹೆಸರಾದ ಆ ಕೆರೆಯು ಸಿದ್ಧನಾಲೆ ಬಸವನಾಲೆಗಳ ಮೂಲಕ ಗದ್ದೆ ತೋಟಗಳಿಗೆ ಉಣಿಸುವುದಲ್ಲದೆ ದೂರದ ಚಿತ್ರದುರ್ಗದ ಜನರ ಬಾಯಾರಿಕೆಯನ್ನೂ ತಣಿಸುತ್ತದೆ. ಆದರೂ 2024ರ ಬೇಸಗೆಯಲ್ಲಿ ಅದೇ ತಾಲ್ಲೂಕಿನ ಅಡಕೆ ಬೆಳೆಗಾರರು, ಕೊಳವೆಬಾವಿಗಳು ಬತ್ತಿದಾಗ, ಟ್ಯಾಂಕರಿನ ನೀರನ್ನು ಕೊಂಡು ತೋಟಗಳನ್ನು ಉಳಿಸಿಕೊಳ್ಳಬೇಕಾಯಿತು. ಹೊನ್ನಾಳಿಯ ಮಗ್ಗುಲಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ; ಮಳೆಗಾಲದಲ್ಲಿ ದಂಡೆಯನ್ನು ಮೀರುವ ಆಕೆಯೇ ಬೇಸಗೆಯಲ್ಲಿ ಮರಳಿನ ನಡುವೆ ಕೃಶಳಾಗುತ್ತಾಳೆ. ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಸೀಮೆಯಲ್ಲಿ, ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಗುಡ್ಡದಲ್ಲಿ, ವರ್ಷವಿಡೀ ಹರಿಯುವ ತೀರ್ಥವಿದೆ. ಮಳೆಯನ್ನು ಓಡಗೊಡದೆ ಒಳಗಿರಿಸಿಕೊಂಡ ನೆಲವು ಅದನ್ನು ನಿಧಾನವಾಗಿ ಹಿಂದಿರುಗಿಸುತ್ತದೆಂಬ ಪಾಠವನ್ನು ಭಕ್ತರು ಅಲ್ಲಿಂದ ಪ್ರಸಾದದೊಡನೆ ತರಬಹುದು. ಇನ್ನು ಜಗಳೂರಿಗೆ ಸದಾ ಹರಿಯುವ ಹೊಳೆಯಿಲ್ಲ, ವರ್ಷದ ಮಳೆಯೂ ಸುಮಾರು 500 ಮಿಲಿಮೀಟರಿನ ಆಸುಪಾಸಿನದು. ಆ ಸೀಮೆಯ 57 ಕೆರೆಗಳನ್ನು ತುಂಬಿಸುವುದಕ್ಕೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಕೊಳವೆಗಳಲ್ಲಿ ಸಾಗಿಸುವ ಯೋಜನೆಯೇ ಬೇಕಾಯಿತು.

ಹೀಗೆ ಬಂದ ನೀರನ್ನು ಹುಲ್ಲುಹಾಸಿಗೆ ಚೆಲ್ಲುವುದರ ಅರ್ಥವೇನೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಬೇಸಗೆಯ ದಿನವೊಂದರಲ್ಲಿ ಹುಲ್ಲಿನಿಂದಲೂ ನೆಲದಿಂದಲೂ 5 ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆಂದು ಹಿಡಿದರೆ, ಕೇವಲ 20 ಚದರ ಮೀಟರಿನ ಹುಲ್ಲಿಗೆ ದಿನಕ್ಕೆ 100 ಲೀಟರು ಬೇಕು. ಜಲಜೀವನ ಮಿಷನ್ನು ಗ್ರಾಮೀಣ ಭಾರತದ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ನಿಗದಿ ಮಾಡಿರುವ ನೀರು 55 ಲೀಟರು. ಅಂದರೆ ಹೂವನ್ನಾಗಲಿ ಹಣ್ಣನ್ನಾಗಲಿ ನೆರಳನ್ನಾಗಲಿ ಕೊಡದ ಆ ಹಸುರು ತುಂಡು ಹೆಚ್ಚುಕಡಮೆ ಇಬ್ಬರು ಮನುಷ್ಯರ ಪಾಲನ್ನು ಪ್ರತಿದಿನವೂ ಕುಡಿಯುತ್ತದೆ. ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆಯವರು 1981ರಲ್ಲಿಯೇ ಇದನ್ನು ಮನಗಂಡು, ಹುಲ್ಲುಹಾಸನ್ನು ಕುಗ್ಗಿಸಿ ಕಡಮೆ ನೀರು ಬೇಡುವ ಸಸ್ಯಗಳನ್ನು ಹೆಚ್ಚಿಸುವ ಉದ್ಯಾನಪದ್ಧತಿಯೊಂದನ್ನು ಪ್ರಚಾರಕ್ಕೆ ತಂದರು.

ನಮ್ಮಲ್ಲಿ ಅಂಥ ಸಸ್ಯಗಳಿಗೇನು ಕೊರತೆ? ಕಣಗಿಲೆ, ನಂದಿಬಟ್ಟಲು, ದಾಸವಾಳ, ಗೋರಂಟಿ, ನಿತ್ಯಪುಷ್ಪಗಳು ಬೇರೂರಿದ ಮೇಲೆ ಅಲ್ಪಜಲದಲ್ಲಿಯೇ ದೇವರ ಬುಟ್ಟಿಯನ್ನು ತುಂಬುತ್ತವೆ. ನುಗ್ಗೆ, ಕರಿಬೇವು, ಸೀತಾಫಲ, ನಿಂಬೆಗಳು ಜಗಳೂರಿನ ಬಿಸಿಲಿಗೂ ಅಂಜುವುವಲ್ಲ. ಗಿಡದ ಸುತ್ತ ಪಾತಿ ಮಾಡಿ, ಪಾತಿಗೆ ದರಗನ್ನೋ ಅಡಕೆ ಸಿಪ್ಪೆಯನ್ನೋ ಮೆಕ್ಕೆಜೋಳದ ದಂಟಿನ ಚೂರನ್ನೋ ದಪ್ಪವಾಗಿ ಹೊದಿಸಿ, ದಿನವೂ ಎಲೆಯ ಮೇಲೆ ಚಿಮುಕಿಸುವುದಕ್ಕೆ ಬದಲಾಗಿ ನಾಲ್ಕಾರು ದಿನಕ್ಕೊಮ್ಮೆ ಹೊತ್ತು ಇಳಿದ ಮೇಲೆ ಬುಡಕ್ಕೆ ಆಳವಾಗಿ ಇಳಿಯುವಂತೆ ಉಣಿಸಿದರೆ, ಬೇರು ನೀರನ್ನರಸಿ ಕೆಳಗಿಳಿಯುತ್ತದೆ, ಗಿಡವು ಗಟ್ಟಿಯಾಗುತ್ತದೆ. ಮೆರುಗಿಲ್ಲದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ, ಮಣ್ಣು ಎಷ್ಟು ಒಣಗಿದೆಯೋ ಅಷ್ಟನ್ನೇ ಅದು ಒಸರುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನದ ಕೃಷಿಗ್ರಂಥವೊಂದರಲ್ಲಿ ವರ್ಣಿತವಾದ ಈ ಕ್ರಮಕ್ಕೆ ಇಂದಿಗೂ ಬೇಕಾಗುವುದು ಕುಂಬಾರನ ಒಂದು ಗಡಿಗೆ ಮಾತ್ರ.

ನಮ್ಮ ಹಿರಿಯರ ಹಿತ್ತಲಲ್ಲಿ ಬಚ್ಚಲ ನೀರು ಬೀದಿಯನ್ನು ಕಾಣುತ್ತಿರಲಿಲ್ಲ. ಬಾಳೆ, ಕೆಸು, ಕಾಬಾಳೆ, ತೆಂಗುಗಳು ಅದನ್ನು ಹೀರಿಕೊಳ್ಳುತ್ತಿದ್ದವು. ಆ ನೀರನ್ನು ಕೂಡಿಡದೆ ಅಂದಿನದನ್ನು ಅಂದೇ ಹಾಯಿಸಬೇಕು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಬಾರದು, ಬಾವಿಗೆ ಎಂದೂ ಇಂಗಿಸಬಾರದು ಎಂಬ ಎಚ್ಚರವಿದ್ದರೆ ಸಾಕು, ಮನೆಗೆ ಬಾಳೆಗೊನೆ ದೊರೆಯುತ್ತದೆ, ಬೀದಿಯಲ್ಲಿ ಕೊಚ್ಚೆ ನಿಂತು ಸೊಳ್ಳೆ ಹುಟ್ಟುವುದೂ ತಪ್ಪುತ್ತದೆ.

ಚಾವಣಿಯ ನೀರಿನ ಮಹಿಮೆ ಇದಕ್ಕಿಂತ ದೊಡ್ಡದು. 100 ಚದರ ಮೀಟರಿನ ಚಾವಣಿಯ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆಯೆಂದರೆ 100 ಲೀಟರು. ಐದರಲ್ಲೊಂದು ಪಾಲು ನಷ್ಟವಾಯಿತೆಂದು ಕಳೆದರೂ ಜಗಳೂರಿನಂಥ ಊರಿನಲ್ಲಿಯೂ ವರ್ಷಕ್ಕೆ ಸುಮಾರು 40,000 ಲೀಟರು ಕೈಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಎ.ಆರ್. ಶಿವಕುಮಾರ್ ಅವರು 1990ರ ದಶಕದಿಂದ ತಮ್ಮ ಮನೆಯನ್ನು ಮಳೆನೀರಿನಿಂದಲೇ ನಡೆಸಿಕೊಂಡು ಬಂದು ಇದನ್ನು ಪ್ರತ್ಯಕ್ಷಪ್ರಮಾಣದಿಂದ ತೋರಿಸಿದ್ದಾರೆ. ಆದರೆ ಅದೇ ಮಹಾನಗರವು ಒಟ್ಟಾಗಿ ಆ ದಾರಿಯನ್ನು ಹಿಡಿಯದಿದ್ದುದರಿಂದ, 2024ರ ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವನ್ನು ವಿಧಿಸಬೇಕಾದ ಗತಿ ಬಂದಿತು. ದಂಡದ ಭಯದಿಂದ ಕಲಿಯುವುದಕ್ಕಿಂತ ವಿವೇಕದಿಂದ ಕಲಿಯುವ ಅವಕಾಶ ನಮ್ಮ ಸಣ್ಣ ಊರುಗಳಿಗೆ ಇನ್ನೂ ಉಳಿದಿದೆ.

ಈ ವಿವೇಕವು ಒಬ್ಬೊಬ್ಬರಿಗೆ ಮಾತ್ರ ಸೇರಿದ್ದಲ್ಲ, ಏಕೆಂದರೆ ನೆಲದೊಳಗಿನ ನೀರಿಗೆ ಕಾಂಪೌಂಡಿನ ಗೋಡೆಯಿಲ್ಲ. ಒಬ್ಬನು ತನ್ನ ಹಿತ್ತಲಲ್ಲಿ ಇಂಗಿಸಿದ್ದು ನೆರೆಯವನ ಬಾವಿಗೆ ಒದಗುತ್ತದೆ. ಒಬ್ಬನು ಹುಲ್ಲಿಗೆಂದು ಹೀರಿದ್ದು ಇಡೀ ಓಣಿಯ ಕೊಳವೆಬಾವಿಗಳನ್ನು ಆಳಕ್ಕೆ ಅಟ್ಟುತ್ತದೆ, ಆಳದ ಬಂಡೆಯ ನೀರಿನೊಡನೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡೂ ಮನೆಗೆ ಬರಬಹುದು. ಹಿತ್ತಲಿನ ಒಳಿತಿಗೂ ಗೋಡೆಯಿಲ್ಲ: ಹೂವಿನ ಹಿತ್ತಲಿದ್ದಲ್ಲಿ ಜೇನು, ಚಿಟ್ಟೆ, ಹೂಹಕ್ಕಿಗಳು ನೆಲೆಸುತ್ತವೆ, ಕಾದ ಸಿಮೆಂಟಿನ ಬೀದಿ ತಂಪಾಗುತ್ತದೆ, ಹೆಚ್ಚಾದ ಕರಿಬೇವು ನುಗ್ಗೆಗಳು ಗೋಡೆಯಾಚೆಯ ಮನೆಗೆ ಹೋಗಿ ಒಡನಾಟವನ್ನು ಬೆಳೆಸುತ್ತವೆ.

ಆದುದರಿಂದ ರೋಹಿಣಿ ಮಳೆಗೆ ಮೊದಲು ಪ್ರತಿ ಮನೆಯವರೂ ಮೂರು ಕೆಲಸಗಳನ್ನು ಮುಗಿಸಲಿ: ಸಿಮೆಂಟು ಹಾಕಿದ ನೆಲದಲ್ಲಿ ಕಾಲುಭಾಗವನ್ನಾದರೂ ಒಡೆದು ಮಣ್ಣಿಗೆ ಉಸಿರು ಕೊಡಲಿ, ಚಾವಣಿಯ ಕೊಳವೆಗೆ ಜಲ್ಲಿ ಮರಳುಗಳ ಸೋಸುಗುಂಡಿಯೊಂದನ್ನು ಜೋಡಿಸಿ, ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು, ಮಿಕ್ಕುದನ್ನು ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಲಿ, ಬಚ್ಚಲ ಕಾಲುವೆಯ ಬಾಯಲ್ಲಿ ಒಂದು ಬಾಳೆಕಂದನ್ನು ನೆಡಲಿ. ಇವುಗಳಲ್ಲಿ ಯಾವುದಕ್ಕೂ ಸರಕಾರದ ಅಪ್ಪಣೆ ಬೇಕಾಗಿಲ್ಲ, ದೊಡ್ಡ ದ್ರವ್ಯವೂ ಬೇಕಾಗಿಲ್ಲ. ಓಣಿಯ ಒಂದು ಮನೆ ಮೊದಲು ಮಾಡಿದರೆ ಉಳಿದವರು ನೋಡಿ ಕಲಿಯುವರು.