ಗೀತಚಿತ್ರದಲ್ಲಿ ಶೃಂಗಾರಾಭಾಸ

ಹಾಡೊಂದನ್ನು ಪ್ರಚಾರಪಡಿಸುವುದಕ್ಕಾಗಿ ತೆಗೆಯುವ ಕಿರುಚಿತ್ರಕ್ಕೆ ಮ್ಯೂಸಿಕ್ ವೀಡಿಯೊ ಎಂದು ಹೆಸರು. 1981ರಲ್ಲಿ ಅಮೆರಿಕದ ಎಂ.ಟಿ.ವಿ. ವಾಹಿನಿಯು ಇವುಗಳಿಗಾಗಿಯೇ ಹುಟ್ಟಿದ ತರುವಾಯ, ಇವುಗಳಲ್ಲಿ ಸ್ತ್ರೀಯರನ್ನು ತೋರಿಸುವ ರೀತಿಯ ಮೇಲಣ ಆಕ್ಷೇಪ ನಿಂತದ್ದೇ ಇಲ್ಲ. ಆಕ್ಷೇಪಿಸುವವರು ಬಹುಮಟ್ಟಿಗೆ ಅಶ್ಲೀಲವೆಂಬ ಒಂದೇ ಮಾತನ್ನು ಹಿಡಿದು ಹೊರಡುತ್ತಾರೆ. ಕಾವ್ಯವನ್ನೋದಿದವರಿಗೆ ಆ ಮಾತು ಸಾಲದು. ನಾಯಿಕೆಯನ್ನು ಮುಡಿಯಿಂದ ಅಡಿಯವರೆಗೆ ಬಣ್ಣಿಸಿದ ಕವಿಗಳನ್ನು ಕೊಂಡಾಡಿ, ಕ್ಯಾಮರಾ ಅದನ್ನೇ ಮಾಡಿದಾಗ ಮೂಗು ಮುರಿಯುವುದು ನ್ಯಾಯವೆ? ದೋಷವನ್ನು ಬೇರೆಡೆಯಲ್ಲಿ ಹುಡುಕಬೇಕು.

2013ರ ‘ಬ್ಲರ್ಡ್ ಲೈನ್ಸ್’ ಎಂಬ ಗೀತಚಿತ್ರವನ್ನು ನೋಡಬಹುದು. ರಾಬಿನ್ ಥಿಕ್, ಫ್ಯಾರೆಲ್ ವಿಲಿಯಮ್ಸ್, ಟಿ.ಐ. ಎಂಬ ಮೂವರು ಪುರುಷರು ಹಾಡುವರು. ಮೂವರು ಯುವತಿಯರು ಅವರ ಸುತ್ತ ಸುಳಿಯುವರು. ಇದಕ್ಕೆ ಪಾಠಾಂತರವೂ ಉಂಟು: ಒಂದರಲ್ಲಿ ಯುವತಿಯರಿಗೆ ಅಲ್ಪವಸ್ತ್ರ, ಇನ್ನೊಂದರಲ್ಲಿ ನೆಪಮಾತ್ರದ ಕೌಪೀನ. ಪುರುಷರು ಎರಡರಲ್ಲಿಯೂ ಉಡುಪು ತೊಟ್ಟ ಸಭ್ಯರು! ಸ್ತ್ರೀಯ ಇಚ್ಛೆಯೇನೆಂಬುದನ್ನು ಹಾಡುವವನೇ ನಿರ್ಣಯಿಸಿಬಿಡುತ್ತಾನೆ. ಆಕೆಯ ಉತ್ತರಕ್ಕೆ ಒಂದು ಚರಣವೂ ಇಲ್ಲ.

ರತಿಯು ಇಬ್ಬರಲ್ಲಿಯೂ ನೆಲೆಸದಿದ್ದರೆ ಅದು ಶೃಂಗಾರವಲ್ಲ, ಶೃಂಗಾರಾಭಾಸ ಎಂಬುದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನ ಮತ. ಶಾಕುಂತಲದ ಮೂರನೆಯ ಅಂಕದಲ್ಲಿ ದುಷ್ಯಂತನೂ ಮರೆಯಲ್ಲಿ ನಿಂತೇ ನೋಡುತ್ತಾನೆ. ಆದರೆ ಅವನ ಕಣ್ಣೆದುರಿಗೇ ಶಕುಂತಲೆಯು ತಾವರೆಯೆಲೆಯ ಮೇಲೆ ಉಗುರಿನಿಂದ ತನ್ನ ಮನಸ್ಸನ್ನು ಬರೆಯುತ್ತಾಳೆ. ಆ ಎಲೆ ಇಲ್ಲದಿದ್ದರೆ ಅರಸನ ನೋಟಕ್ಕೂ ಈ ಕ್ಯಾಮರಾದ ನೋಟಕ್ಕೂ ಹೆಚ್ಚಿನ ಅಂತರವಿರುತ್ತಿರಲಿಲ್ಲ.

ನಿರ್ದೇಶಿಸಿದವರು ಡಯೇನ್ ಮಾರ್ಟೆಲ್ ಎಂಬ ಮಹಿಳೆ. ಯುವತಿಯರು ಕ್ಯಾಮರಾವನ್ನು ನೇರವಾಗಿ ದಿಟ್ಟಿಸುವಂತೆ ತಾವು ಬುದ್ಧಿಪೂರ್ವಕವಾಗಿ ಮಾಡಿಸಿದುದರಿಂದ ಮೇಲುಗೈ ಅವರದೇ ಎಂದು ಆಕೆಯ ಸಮಾಧಾನ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ದೃಷ್ಟಿಯ ಬಲವನ್ನು ಬಲ್ಲ ಭರತಮುನಿ 36 ದೃಷ್ಟಿಗಳನ್ನು ಎಣಿಸಿದ್ದಾನೆ. ಆದರೆ ಅವೆಲ್ಲ ಒಂದೊಂದು ರಸಭಾವಕ್ಕೆ ಸೇರಿದವು. ನಟರೆಲ್ಲರೂ ಹೇಳಿಸಿಕೊಂಡೇ ನಟಿಸುವರು, ನಿಜ, ಅವರಿಗೆ ಪಾತ್ರವೊಂದಿರುತ್ತದೆ. ಈ ಮೂವರಿಗೆ ಹೆಸರಿಲ್ಲ, ಮಾತಿಲ್ಲ, ಬಯಕೆಯಿಲ್ಲ. ಕಣ್ಣು ಯಾವ ಭಾವವನ್ನು ಹೊರಬೇಕು?

ಆ ಮೂವರಲ್ಲೊಬ್ಬರಾದ ಎಮಿಲಿ ರಾಟಕೋವ್ಸ್ಕಿ ಬಹುಕಾಲ ಈ ಚಿತ್ರವನ್ನು ಸಮರ್ಥಿಸುತ್ತಿದ್ದವರು. 2021ರ ‘ಮೈ ಬಾಡಿ’ ಎಂಬ ತಮ್ಮ ಪ್ರಬಂಧಸಂಗ್ರಹದಲ್ಲಿ, ಚಿತ್ರೀಕರಣದ ನಡುವೆ ಗಾಯಕನು ಒಪ್ಪಿಗೆಯಿಲ್ಲದೆ ತಮ್ಮ ಮೈಮುಟ್ಟಿದನೆಂದೂ, ತಮಗಲ್ಲಿ ನಿಜವಾದ ಅಧಿಕಾರವೇನೂ ಇರಲಿಲ್ಲವೆಂಬುದು ಆಗ ತಿಳಿಯಿತೆಂದೂ ಬರೆದಿದ್ದಾರೆ. ಚಿತ್ರದಲ್ಲಿ ಅವರಿಗೆ ದೊರೆಯದ ತಾವರೆಯೆಲೆ ಎಂಟು ವರ್ಷಗಳ ಮೇಲೆ ದೊರೆಯಿತೆನ್ನಬೇಕು.

ಹೆಣ್ಣನ್ನು ದುರುಪಯೋಗಪಡಿಸಿಕೊಳ್ಳುವ ಪುರುಷರು ಆಡುವ ಭಾಷೆಯೇ ಆ ಗೀತದಲ್ಲಿದೆಯೆಂಬುದು ತಮಗೆ ತಡವಾಗಿ ಹೊಳೆಯಿತೆಂದು ವಿಲಿಯಮ್ಸರು 2019ರಲ್ಲಿ ಒಪ್ಪಿಕೊಂಡರು. ಗೀತವು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 12 ವಾರಗಳ ಕಾಲ ಅಗ್ರಸ್ಥಾನದಲ್ಲಿದ್ದು ಅಷ್ಟರಲ್ಲಿ ಆರು ವರ್ಷಗಳು ಸಂದಿದ್ದವು.