ಆಗುಂಬೆಯಲ್ಲಿ ಕಟ್ಟಿದ ಊರು, ಹಿಂದಿಯಲ್ಲಿ ಆಡಿದ ಮಾತು

ದೂರದರ್ಶನ ಇಡೀ ದೇಶವನ್ನು ಒಂದೇ ಪರದೆಯ ಮುಂದೆ ಕೂರಿಸಿದ್ದು 1980ರ ದಶಕದಲ್ಲಿ. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿ ಬಂತು, 1987ರಲ್ಲಿ ರಮಾನಂದ ಸಾಗರರ ‘ರಾಮಾಯಣ’. ಯಕ್ಷಗಾನ, ತೊಗಲುಗೊಂಬೆ, ಹರಿಕಥೆಗಳಲ್ಲಿ ಊರಿಗೊಂದು ಬಗೆಯಲ್ಲಿ ಬದುಕಿದ್ದ ರಾಮಕಥೆಗೆ ಭಾನುವಾರ ಬೆಳಿಗ್ಗೆ ಒಂದೇ ರೂಪ ಗಟ್ಟಿಯಾಯಿತು. ದೇಶವೆಂದರೆ ಎಲ್ಲರಿಗೂ ಒಂದೇ ಕಥೆ ಎಂಬ ಈ ತಿಳಿವಳಿಕೆಯನ್ನು ನಾನು ಒಪ್ಪಲಾರೆ.

ಆ ವರ್ಷಗಳಲ್ಲೇ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಇದಕ್ಕೆ ಉತ್ತರದಂತಿದೆ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ನಿರ್ದೇಶಕ ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದರು. ಅರಸಾಳಿನ ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳನ್ನು ಕಂಡೊಡನೆ, ಎಲ್. ವೈದ್ಯನಾಥನ್ ಅವರ ಸಂಗೀತದ ಆ ಗುನುಗು ಕೇಳಿದೊಡನೆ ಇವತ್ತಿಗೂ ಮನಸ್ಸು ಹಗುರಾಗುತ್ತದೆ.

‘ಎ ಹೀರೋ’ ಕಥೆಯನ್ನೇ ನೋಡಿ. ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗ ಸ್ವಾಮಿಗೆ, ಧೈರ್ಯವಿದ್ದರೆ ಇಂದು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪನ ಪಂಥ. ಕತ್ತಲೆಗೆ ಹೆದರಿದ ಹುಡುಗ ದೆವ್ವವೆಂದುಕೊಂಡು ಕಚ್ಚಿ ಹಿಡಿದದ್ದು ಕಳ್ಳನ ಕಾಲು! ಬೆಳಗಾಗುವಷ್ಟರಲ್ಲಿ ಅವನು ವೀರ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥರ ಕಣ್ಣುಗಳಲ್ಲಿನ ದಿಗಿಲು, ಅಪ್ಪನಾಗಿ ಗಿರೀಶ ಕಾರ್ನಾಡರ ಬಿಗಿ, ಅಮ್ಮನಾಗಿ ವೈಶಾಲಿ ಕಾಸರವಳ್ಳಿಯವರ ಮೆದು ದನಿ: ಇಲ್ಲಿ ಖಳನಿಲ್ಲ, ಉಪದೇಶವಿಲ್ಲ. ಮಕ್ಕಳ ಅಂಜಿಕೆಯನ್ನು ದೊಡ್ಡವರು ಎಷ್ಟು ಸುಲಭವಾಗಿ ಮರೆಯುತ್ತಾರೆ ಎಂಬುದು ಮಾತ್ರ ಮನಸ್ಸಿಗೆ ನಾಟುತ್ತದೆ. ಒಂದು ಮನೆಯ ಜಗಲಿಯನ್ನು ನಿಷ್ಠೆಯಿಂದ ತೋರಿಸಿದ್ದರಿಂದಲೇ ಅದು ದೇಶದ ಎಲ್ಲರ ಮನೆಯದಾಯಿತು.

ಕೊರತೆಯೂ ಇದೆ, ಅದು ಸಣ್ಣದಲ್ಲ. ಆಗುಂಬೆಯ ಬೀದಿ, ಕನ್ನಡದ ನಿರ್ದೇಶಕ, ಬಹುಪಾಲು ಕನ್ನಡದ ಕಲಾವಿದರು. ಆದರೆ ಪಾತ್ರಗಳು ಆಡಿದ್ದು ಹಿಂದಿ ಮತ್ತು ಇಂಗ್ಲಿಷ್. ತೀರ್ಥಹಳ್ಳಿ ಸೀಮೆಯ ಅಜ್ಜಿಯೊಬ್ಬಳು ತನ್ನದೇ ಪಕ್ಕದೂರನ್ನು ಪರದೆಯ ಮೇಲೆ ಗುರುತಿಸಬಲ್ಲವಳಾಗಿದ್ದಳು, ಅಲ್ಲಿನ ಮಾತು ಮಾತ್ರ ಅವಳಿಗೆ ಎಟುಕುತ್ತಿರಲಿಲ್ಲ. ರಾಷ್ಟ್ರೀಯ ಪ್ರಸಾರಕ್ಕೆ ನಮ್ಮ ಕಾಡು, ಮಳೆ, ಮುಖಗಳು ಬೇಕಾದವು, ನುಡಿ ಬೇಡವಾಯಿತು. ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ದೀರ್ಘಕಾಲ ವಿರೋಧಿಸಿದ ನಮ್ಮ ಚಿತ್ರೋದ್ಯಮವೂ ಇದರಲ್ಲಿ ಪಾಲುದಾರ. ಕನ್ನಡದ ವಾಹಿನಿಯೊಂದರಲ್ಲಿ ಮಾಲ್ಗುಡಿಯ ಜನ ಕನ್ನಡ ಮಾತಾಡಲು 2020 ಬರಬೇಕಾಯಿತು. ಅಷ್ಟರಲ್ಲಿ ಶಂಕರ್ ನಾಗ್ ತೀರಿಕೊಂಡು ಮೂವತ್ತು ವರ್ಷ ಸಮೀಪಿಸಿತ್ತು.

ಇಷ್ಟಾದರೂ ಭಾರತೀಯ ಟೀವಿ ಕೊಟ್ಟ ಅತ್ಯುತ್ತಮ ಧಾರಾವಾಹಿಗಳಲ್ಲಿ ಇದು ಒಂದು. ಮಾಸ್ತಿ, ಕಾರಂತ, ವೈದೇಹಿಯವರ ಕಥೆಗಳನ್ನು ಇದೇ ಶ್ರದ್ಧೆಯಿಂದ, ಕನ್ನಡದಲ್ಲೇ, ಕಂತುಕಂತಾಗಿ ತೋರಿಸಲು ನಮ್ಮ ವಾಹಿನಿಗಳು ಇನ್ನಾದರೂ ಮುಂದೆ ಬರಲಿ.